ವಿದ್ಯುತ್ ದರ ಏರಿಕೆಗೆ ನಾನು ಆಕ್ಷೇಪಣೆ ಬರೆಯುವ ಬಗೆ

ದರ ಪರಿಷ್ಕರಣೆಯ ಪ್ರಕಟಣೆ ಪತ್ರಿಕೆಯಲ್ಲಿ ಕಂಡ ಕೂಡಲೇ ಎಸ್ಕಾಂ, ಅಂದರೆ ನಮಗೆ ವಿದ್ಯುತ್ ಸರಬರಾಜು ಮಾಡುವ ಕಂಪನಿ, ಸಲ್ಲಿಸಿರುವ ಪೂರ್ತಿ ಅರ್ಜಿಯನ್ನು ತೆಗೆದುಕೊಂಡು ಕೂರುತ್ತೇನೆ. ಹಿಟ್ಟಿನ ಗಿರಣಿ ನಡೆಸುವವನಿಗೆ ಯೂನಿಟ್ಟಿಗೆ ಹತ್ತು ಪೈಸೆ ಏರಿದರೂ ಬಿಸಿ ತಟ್ಟುತ್ತದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಂ ಪ್ರಕಾರ, ಜನರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ದರದ ಆದೇಶ ಹೊರಡಿಸಬೇಕು.

ಬಹಿರಂಗ ವಿಚಾರಣೆಯಲ್ಲಿ ಹೆಚ್ಚಿನವರು ಕರೆಂಟು ಹೋಗುವುದನ್ನು, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಡುವುದನ್ನು ಹೇಳಿಕೊಳ್ಳುತ್ತಾರೆ. ಕಷ್ಟ ನಿಜವಾದದ್ದೇ. ಆದರೆ ದರ ನಿಲ್ಲುವುದು ಕಂಪನಿಯ ಲೆಕ್ಕದ ಮೇಲೆ. ಹಾಗಾಗಿ ನಾನು ಮೊದಲು ಹುಡುಕುವುದು ನೀರಾವರಿ ಪಂಪ್‌ಸೆಟ್‌ಗಳ ಪುಟವನ್ನು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಅದರ ಹಣವನ್ನು ಸರ್ಕಾರ ಸಬ್ಸಿಡಿಯಾಗಿ ಕಟ್ಟಿಕೊಡಬೇಕು. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲದಿರುವುದರಿಂದ ಅವುಗಳ ಬಳಕೆ ಅಂದಾಜಿನದು.

ಕಂಪನಿ 100 ಯೂನಿಟ್ ಕೊಂಡಿತು, 60 ಯೂನಿಟ್ ಮೀಟರಿನ ಮೂಲಕ ಮಾರಿತು ಎಂದುಕೊಳ್ಳಿ. ಪಂಪ್‌ಸೆಟ್‌ಗಳಿಗೆ 28 ಹೋಯಿತೆಂದು ಬರೆದರೆ ವಿತರಣಾ ನಷ್ಟ 12; 24 ಎಂದರೆ ನಷ್ಟ 16. ಆಯೋಗ ನಷ್ಟಕ್ಕೊಂದು ಮಿತಿ ಹಾಕಿರುತ್ತದೆ. ಅದನ್ನು ಮೀರಿದ ನಷ್ಟವನ್ನು ಗ್ರಾಹಕರ ತಲೆಗೆ ಕಟ್ಟುವಂತಿಲ್ಲ. ಅಂದಾಜು ಉಬ್ಬಿದರೆ ಸೋರಿಕೆಯೂ ಕಳ್ಳತನವೂ ರೈತರ ಹೆಸರಿನಲ್ಲಿ ಮುಚ್ಚಿಹೋಗುತ್ತವೆ, ಸಬ್ಸಿಡಿಯೂ ಬೆಳೆಯುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಆದ್ದರಿಂದ ಪಂಪ್‌ಸೆಟ್ಟೊಂದಕ್ಕೆ ವರ್ಷಕ್ಕೆ ಎಷ್ಟು ಯೂನಿಟ್ ಹಿಡಿದಿದ್ದಾರೆ, ಹಿಂದಿನ ಆದೇಶದಲ್ಲಿ ಎಷ್ಟಿತ್ತು ಎಂದು ಅಕ್ಕಪಕ್ಕ ಬರೆದುಕೊಳ್ಳುತ್ತೇನೆ. ಮಳೆ ಚೆನ್ನಾಗಿ ಆದ ವರ್ಷವೂ ಬಳಕೆ ಏರಿದ್ದರೆ ಕಾರಣ ಕೇಳುತ್ತೇನೆ. ಕೃಷಿಗೆಂದೇ ಬೇರ್ಪಡಿಸಿದ ಫೀಡರ್‌ಗಳಿಗೆ (ಉಪಕೇಂದ್ರದಿಂದ ಹೊರಡುವ ವಿದ್ಯುತ್ ಮಾರ್ಗಗಳಿಗೆ) ಉಪಕೇಂದ್ರದಲ್ಲಿ ಮೀಟರ್ ಇರುತ್ತದೆ. ಆ ತಿಂಗಳವಾರು ರೀಡಿಂಗ್ ಕೊಡಿ ಎನ್ನುತ್ತೇನೆ. ಪ್ರತಿ ಆಕ್ಷೇಪಣೆಗೂ ಅರ್ಜಿಯ ಪುಟಸಂಖ್ಯೆ ನಮೂದಿಸಿ, ಅಫಿಡವಿಟ್ ಜೊತೆಗೆ ಗಡುವಿನೊಳಗೆ ಆಯೋಗಕ್ಕೆ ಸಲ್ಲಿಸಿ, ಒಂದು ಪ್ರತಿಯನ್ನು ಕಂಪನಿಗೆ ಕೊಡುತ್ತೇನೆ. ಕಂಪನಿ ಲಿಖಿತವಾಗಿ ಉತ್ತರಿಸಬೇಕಾಗುತ್ತದೆ.

ವಿಚಾರಣೆಯಲ್ಲಿ ಸಿಗುವುದು ಕೆಲವೇ ನಿಮಿಷ. ಬರೆದದ್ದನ್ನೇ ಓದದೆ, ಆ ಉತ್ತರ ಎಲ್ಲಿ ಜಾರಿಕೊಂಡಿದೆ ಎಂಬುದನ್ನಷ್ಟೇ ಹೇಳುತ್ತೇನೆ. ಆದೇಶ ಬಂದಾಗ ಮೊದಲು ತೆರೆಯುವುದು ಆಕ್ಷೇಪಣೆಗಳ ಅಧ್ಯಾಯವನ್ನು: ನಮ್ಮ ಪ್ರಶ್ನೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಅಲ್ಲಿರುತ್ತವೆ. ಆಯೋಗ ಕಂಪನಿಗೆ ಕೊಟ್ಟ ನಿರ್ದೇಶನಗಳ ಕೆಳಗೆ ಗೆರೆ ಎಳೆದಿಡುತ್ತೇನೆ. ಮುಂದಿನ ವರ್ಷದ ಆಕ್ಷೇಪಣೆ ಅವುಗಳಿಂದಲೇ ಶುರುವಾಗುತ್ತದೆ.