ವೀಸೆಲ್ ಬಿಚ್ಚಿ ರ‍್ಯಾಬಿಟ್ ಎಳೆದ ನನ್ನ ಅನುಭವ

ಚಳ್ಳಕೆರೆ ಕಡೆಯ ಒಂದು 11 ಕೆವಿ ಫೀಡರ್‌ನಲ್ಲಿ (ಸ್ಟೇಷನ್‌ನಿಂದ ಹೊರಡುವ ಲೈನ್) ವೀಸೆಲ್ ಎಂಬ ತೆಳು ತಂತಿ ಬಿಚ್ಚಿ ಅದಕ್ಕಿಂತ ದಪ್ಪದ ರ‍್ಯಾಬಿಟ್ ಎಳೆಸುವ ಉಸ್ತುವಾರಿ ನನ್ನದಾಗಿತ್ತು. ಬೋರ್‌ವೆಲ್ ಆಳಕ್ಕೆ ಹೋದಂತೆಲ್ಲ ರೈತರ ಮೋಟಾರ್ ದೊಡ್ಡದಾಗಿತ್ತು, ತಂತಿ ಮಾತ್ರ ಹಳೆಯದೇ. ಲೈನಿನ ಕೊನೆಯ ಟಿಸಿಗಳಲ್ಲಿ (ಟ್ರಾನ್ಸ್‌ಫಾರ್ಮರ್) ವೋಲ್ಟೇಜ್ ಬೀಳುತ್ತಿತ್ತು, ಮೋಟಾರ್ ಸುಡುತ್ತಿದ್ದವು. ವೀಸೆಲ್‌ನ ರೋಧ ಕಿಲೋಮೀಟರಿಗೆ ಸುಮಾರು 0.93 ಓಮ್, ರ‍್ಯಾಬಿಟ್‌ನದು 0.55. ಅಷ್ಟೇ ಕರೆಂಟ್ ಹರಿದರೂ ತಂತಿಯಲ್ಲಿ ಶಾಖವಾಗಿ ಹೋಗುವ ವಿದ್ಯುತ್ ಶೇ. 40ರಷ್ಟು ತಗ್ಗುತ್ತದೆ.

ಆದರೆ ತೂಕ? ವೀಸೆಲ್ ಕಿಲೋಮೀಟರಿಗೆ 128 ಕೆಜಿ, ರ‍್ಯಾಬಿಟ್ 214. ಅದಕ್ಕೇ ಡ್ರಮ್ ಇಳಿಸುವ ಮೊದಲು ಕಂಬ ಕಂಬಕ್ಕೂ ನಡೆದೆ. ವಾಲಿದ್ದನ್ನು ನೆಟ್ಟಗೆ ಮಾಡಿಸಿ, ಸ್ಪಾನ್ (ಎರಡು ಕಂಬಗಳ ನಡುವಿನ ದೂರ) ಉದ್ದವಿದ್ದಲ್ಲಿ ನಡುಗಂಬ ಹಾಕಿಸಿದೆ. ಕಂಬವನ್ನು ನೆಲಕ್ಕೆ ಎಳೆದು ಹಿಡಿಯುವ ಸ್ಟೇ ಬಿಗಿಯಾಗದೆ, ತಂತಿಯ ಸೆಳೆತವೆಲ್ಲ ಕಂಬದ ಮೇಲೆ ಬೀಳುವ ಕಟ್‌ಪಾಯಿಂಟ್‌ನಲ್ಲಿ ತಂತಿ ಎಳೆಯಲು ನಾನು ಯಾರನ್ನೂ ಬಿಡುವುದಿಲ್ಲ.

ಎಲ್‌ಸಿ (ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ಸಿಕ್ಕ ಮೇಲೂ ಕೆಲಸದ ಎರಡೂ ಬದಿ ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ತ್ ಹಾಕಿಯೇ ಪವರ್‌ಮ್ಯಾನ್‌ಗಳನ್ನು ಕಂಬ ಹತ್ತಿಸಿದೆ. ಎಲ್ಲೋ ಒಂದು ಜನರೇಟರ್ ಹಿಂದಿನಿಂದ ಕರೆಂಟ್ ಕೊಟ್ಟರೂ ಜೀವ ಹೋಗುತ್ತದೆ. ಹೊಸ ತಂತಿಯನ್ನು ಪುಲ್ಲಿ ಮೇಲೆಯೇ ಎಳೆಸಿದೆವು; ಕಲ್ಲುನೆಲದ ಮೇಲೆ ಉಜ್ಜಿದರೆ ಅಲ್ಯೂಮಿನಿಯಂ ಎಳೆ ಗಾಯವಾಗುತ್ತದೆ.

ನನಗೆ ಅತಿ ಇಷ್ಟದ ಕೆಲಸ ಸ್ಯಾಗ್, ಅಂದರೆ ಎರಡು ಕಂಬಗಳ ನಡುವೆ ತಂತಿ ಎಷ್ಟು ಜೋಲಿದೆ ಎಂದು ನೋಡುವುದು. ಕಂಬದ ಹತ್ತಿರ ತಂತಿಯ ಮೇಲೆ ಸಣ್ಣ ಹಗ್ಗ ಹಾಕಿ ಒಮ್ಮೆ ಜಗ್ಗಿದರೆ ಅಲೆಯೊಂದು ಆಚೆ ಕಂಬದವರೆಗೆ ಓಡಿ ಮರಳುತ್ತದೆ, ಆ ತಟ್ಟು ಹಗ್ಗ ಹಿಡಿದ ಕೈಗೇ ಗೊತ್ತಾಗುತ್ತದೆ. ಮೂರನೇ ಸಲ ಮರಳಲು 4.2 ಸೆಕೆಂಡ್ ಹಿಡಿದರೆ ಸ್ಯಾಗ್ 0.6 ಮೀಟರ್. ಸ್ಪಾನ್ ಎಷ್ಟೇ ಉದ್ದವಿರಲಿ, ಲೆಕ್ಕ ಇದೇ. ಆದರೆ ಎಷ್ಟು ಸ್ಯಾಗ್ ಬಿಡಬೇಕೆಂಬುದನ್ನು ಆ ಹೊತ್ತಿನ ಬಿಸಿಲು ನೋಡಿ ಚಾರ್ಟ್‌ನಿಂದ ತೆಗೆಯಬೇಕು. ಬೆಳಗಿನ ತಂಪಿಗೆ ಬರೆದ ಅಳತೆಯನ್ನು ಮಧ್ಯಾಹ್ನ ಹಿಡಿದರೆ ರಾತ್ರಿ ತಂತಿ ಕುಗ್ಗಿ ಕಂಬವನ್ನೇ ಜಗ್ಗುತ್ತದೆ.

ಕಂಬದ ಎರಡೂ ಬದಿಯ ತಂತಿಗಳನ್ನು ಜೋಡಿಸುವ ಜಂಪರ್‌ಗಳಲ್ಲಿ ಅವಸರ ಸಲ್ಲದು. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪೊರೆಯನ್ನು ವೈರ್ ಬ್ರಷ್‌ನಿಂದ ಉಜ್ಜಿ, ಗ್ರೀಸ್ ಹಚ್ಚಿ, ರ‍್ಯಾಬಿಟ್ ಅಳತೆಯ, ತಂತಿಗಳನ್ನು ಒತ್ತಿ ಹಿಡಿಯುವ ಪಿಜಿ ಕ್ಲ್ಯಾಂಪನ್ನೇ ಬಿಗಿಸಬೇಕು. ಹಳೆಯ ಕ್ಲ್ಯಾಂಪ್ ಉಳಿಸಿಕೊಂಡರೆ ಹೆಚ್ಚಿನ ಲೋಡ್ ಬಂದಾಗ ಮೊದಲು ಸುಡುವುದು ಅದೇ.

ಲೈನ್ ಚಾರ್ಜ್ ಮಾಡುವ (ಕರೆಂಟ್ ಕೊಡುವ) ಮುನ್ನ ಸ್ಟೇಷನ್‌ನಲ್ಲಿ ಆ ಫೀಡರ್‌ನ ರಿಲೇ (ಕರೆಂಟ್ ಮಿತಿ ಮೀರಿದರೆ ಬ್ರೇಕರ್ ಬೀಳಿಸುವ ಸಾಧನ) ಸೆಟ್ಟಿಂಗ್ ಬದಲಿಸಲು ಬರೆದುಕೊಟ್ಟೆ. ಇಲ್ಲದಿದ್ದರೆ ಹೊಸ ತಂತಿ ಹೊರಬಲ್ಲ ಲೋಡಿಗೂ ಬ್ರೇಕರ್ ಹಳೆಯ ಮಿತಿಯಲ್ಲೇ ಟ್ರಿಪ್ ಆಗುತ್ತದೆ.