ಸತ್ತಿತೋ, ಬೆಳೆಯದೆ ನಿಂತಿತೋ? ರಕ್ತಕ್ಯಾನ್ಸರ್ ಕೋಶದ ಮೇಲೆ ಗಿಡದ ರಾಸಾಯನಿಕದ ಪರೀಕ್ಷೆ

ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಆಲ್ಕಲಾಯ್ಡ್ ಇದೆ. ಇದನ್ನು ಮೊದಲು ಚೀನಾದ ಬೇರೊಂದು ಮರದಿಂದ ಬೇರ್ಪಡಿಸಿ 1966ರಲ್ಲಿ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಮನ್ಸೂಖ್ ವಾನಿ. ಹಾಸನ, ಚಿಕ್ಕಮಗಳೂರಿನ ಜೀವವಿಜ್ಞಾನ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಇದನ್ನು ಆರಿಸಿಕೊಂಡರೆ ದಯವಿಟ್ಟು ಕಾಡಿಗೆ ಹೋಗಿ ತೊಗಟೆ ಕೀಳಬೇಡಿ, ಶುದ್ಧ ಪುಡಿಯನ್ನೇ ಕೊಳ್ಳಿ. ಮನೆಯಲ್ಲಿ ರೋಗಿಗಳಿದ್ದರಂತೂ ಕಷಾಯದ ಯೋಚನೆಯೇ ಬೇಡ. 1970ರ ದಶಕದಲ್ಲಿ ರೋಗಿಗಳಿಗೆ ಇದರ ಸೋಡಿಯಂ ಲವಣ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗಿತ್ತು.

ಡಿಎನ್‌ಎ ಎಂದರೆ ಹುರಿ ಹಾಕಿದ ಹಗ್ಗ. ಹುರಿ ಬಿಗಿಯಾದಾಗ ಟೋಪೊಐಸೋಮರೇಸ್-1 ಕಿಣ್ವ ಒಂದು ಎಳೆ ಕತ್ತರಿಸಿ, ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಕತ್ತರಿಸಿದ ಜಾಗದಲ್ಲೇ ಸಿಕ್ಕಿಕೊಂಡು ಬೆಸೆಯಲು ಬಿಡುವುದಿಲ್ಲ. ಆ ಹೊತ್ತಿಗೆ ಡಿಎನ್‌ಎ ನಕಲಾಗುತ್ತಿದ್ದರೆ ಎರಡೂ ಎಳೆ ತುಂಡಾಗುತ್ತವೆ. ಹಾಗಾಗಿ ಪೆಟ್ಟು ಬೀಳುವುದು ಮುಖ್ಯವಾಗಿ ವಿಭಜನೆಗೆ ಹೊರಟ ಕೋಶಗಳಿಗೆ.

ಕೋಶ ಬೆಳೆಸುವುದು: ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದಿಂದ ಎಚ್‌ಎಲ್-60 ಎಂಬ ಮನುಷ್ಯರ ರಕ್ತಕ್ಯಾನ್ಸರ್ ಕೋಶಗಳನ್ನು ತರಿಸಬಹುದು. ಆರ್‌ಪಿಎಂಐ-1640 ಮಾಧ್ಯಮ, 10% ಕರುವಿನ ಸೀರಂ, 37 ಡಿಗ್ರಿ, 5% ಇಂಗಾಲದ ಡೈಆಕ್ಸೈಡ್. ಕೋಶಗಳ ಸಂಖ್ಯೆ ಮಿಲೀಲೀಟರಿಗೆ 10 ಲಕ್ಷ ದಾಟಲು ಬಿಡಬೇಡಿ. ಮಲೆನಾಡಿನ ಜಡಿಮಳೆಯಲ್ಲಿ ಶತ್ರುಗಳು ಎರಡು: ಬೂಷ್ಟು ಮತ್ತು ಕರೆಂಟು. ಇನ್‌ಕ್ಯುಬೇಟರಿನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಿ. ಕರೆಂಟು ಹೋದರೆ ಬಾಗಿಲು ತೆಗೆಯಲೇಬೇಡಿ.

ದ್ರಾವಣ: 3.48 ಮಿ.ಗ್ರಾಂ ಪುಡಿಯನ್ನು ಕೈಗವಸು ಹಾಕಿಕೊಂಡು 1 ಮಿ.ಲೀ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದರೆ 10 ಮಿಲಿಮೋಲಾರ್. ಇದನ್ನು ಸಾವಿರ ಪಟ್ಟು ತೆಳುಮಾಡಿದರೆ 10 ಮೈಕ್ರೊಮೋಲಾರ್, ಡಿಎಂಎಸ್‌ಒ 0.1% ಮಾತ್ರ. ಅಲ್ಲಿಂದ 0.01 ಮೈಕ್ರೊಮೋಲಾರ್‌ವರೆಗೆ ಇಳಿಸುತ್ತ ಬನ್ನಿ, ಆದರೆ ಡಿಎಂಎಸ್‌ಒ ಪ್ಲೇಟಿನ ಎಲ್ಲ ವೆಲ್‌ಗಳಲ್ಲೂ (ಗುಳಿಗಳಲ್ಲೂ) 0.1% ಇರಲಿ, ಔಷಧ ಹಾಕದವುಗಳಲ್ಲೂ. ಇದು 1.25%ರ ಆಸುಪಾಸಿಗೆ ಹೋದರೆ ಎಚ್‌ಎಲ್-60 ತಾನಾಗಿಯೇ ಬಲಿತು ವಿಭಜನೆ ನಿಲ್ಲಿಸುತ್ತದೆ. ಆ ಕೀರ್ತಿ ಗಿಡಕ್ಕೆ ಸಲ್ಲಬಾರದು.

ಎಂಟಿಟಿ ಪರೀಕ್ಷೆ: ಎಂಟಿಟಿ ಹಳದಿ ಬಣ್ಣದ ಪುಡಿ, ಬದುಕಿರುವ ಕೋಶ ಅದನ್ನು ನೇರಳೆ ಹರಳಾಗಿಸುತ್ತದೆ. 96 ವೆಲ್ ಪ್ಲೇಟಿನ ಪ್ರತಿ ವೆಲ್‌ಗೆ 100 ಮೈಕ್ರೊಲೀಟರಿನಲ್ಲಿ 20,000 ಕೋಶ. ಅಂಚಿನ ಸಾಲುಗಳು ಆವಿಯಾಗಿ ಮೋಸ ಮಾಡುತ್ತವೆ. ಅಲ್ಲಿ ಬರೀ ಬಫರ್ ತುಂಬಿ. ಔಷಧ ಹಾಕಿ 48 ಗಂಟೆಯ ನಂತರ 5 ಮಿ.ಗ್ರಾಂ/ಮಿ.ಲೀ. ಎಂಟಿಟಿ 10 ಮೈಕ್ರೊಲೀಟರ್ ಹಾಕಿ 4 ಗಂಟೆ ಬಿಡಿ. ಸೂಕ್ಷ್ಮದರ್ಶಕದಲ್ಲಿ ನೇರಳೆ ಸೂಜಿಗಳ ಗೊಂಚಲು ಕಾಣುತ್ತದೆ. ಈ ಕೋಶಗಳು ತೇಲುವಂಥವು, ಮೇಲಿನ ದ್ರವ ಹೀರಿದರೆ ಹರಳೂ ಹೋಗುತ್ತದೆ. ಹೀರದೆ, ಆಮ್ಲ ಬೆರೆಸಿದ 10% ಎಸ್‌ಡಿಎಸ್ (ಒಂದು ಮಾರ್ಜಕ) 100 ಮೈಕ್ರೊಲೀಟರ್ ಸೇರಿಸಿ, ರಾತ್ರಿಯಿಡೀ ಕರಗಲು ಬಿಟ್ಟು 570 ನ್ಯಾನೊಮೀಟರಿನಲ್ಲಿ ಓದಿ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಓದು ಕಾಲು ಭಾಗಕ್ಕೆ ಇಳಿದರೆ “75% ಸತ್ತವು” ಎಂದು ಬರೆದುಬಿಡುತ್ತಾರೆ. ಎಣಿಸಿಯೇ ನೋಡಬೇಕು. ಸತ್ತ ಕೋಶಕ್ಕೆ ಮಾತ್ರ ನೀಲಿ ಹತ್ತಿಸುವ 0.4% ಟ್ರಿಪಾನ್ ಬ್ಲೂ ಸಮಪಾಲು ಬೆರೆಸಿ, ಹೀಮೋಸೈಟೋಮೀಟರ್ ಎಂಬ ಎಣಿಕೆ ಗಾಜಿನ ನಾಲ್ಕು ಮೂಲೆಗಳ ಸರಾಸರಿಯನ್ನು 20,000ದಿಂದ ಗುಣಿಸಿ. ಉದಾಹರಣೆಗೆ, ಶುರುವಿನಲ್ಲಿ 2 ಲಕ್ಷ, ಔಷಧವಿಲ್ಲದ್ದು ಈಗ 8 ಲಕ್ಷ, ಔಷಧ ಹಾಕಿದ್ದು 2 ಲಕ್ಷ, ಅದರಲ್ಲಿ ನೀಲಿ ಹತ್ತಿದ್ದು ಬಹಳ ಕಡಿಮೆ. ಹಾಗಿದ್ದರೆ ಇಲ್ಲಿ ಬೆಳವಣಿಗೆ ನಿಂತಿದೆ ಎನ್ನಬಹುದೇ ಹೊರತು ಸಾವಿಗೆ ಸಾಕ್ಷಿಯಿಲ್ಲ. ಬದುಕಿರುವುದು ಶುರುವಿನ 2 ಲಕ್ಷಕ್ಕಿಂತ ಕೆಳಗೆ, ಉದಾಹರಣೆಗೆ 60,000ಕ್ಕೆ, ಇಳಿದರೆ ಮಾತ್ರ ಸಾವು. ಇನ್ನು ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್‌ನಂಥವು ಕೋಶವಿಲ್ಲದೆಯೂ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಕೋಶ ಹಾಕದ, ಔಷಧ ಮಾತ್ರ ಇರುವ ವೆಲ್ ಇಡಲೇಬೇಕು.

ಸಾವಿನ ಬಗೆ: ಯೋಜಿತ ಸಾವಿನಲ್ಲಿ (ಅಪೊಪ್ಟೋಸಿಸ್) ಕೋಶ ಕುಗ್ಗಿ, ಕುದಿಯುವ ಗಂಜಿಯ ಹಾಗೆ ಮೈತುಂಬ ಗುಳ್ಳೆ ಏಳುತ್ತದೆ. ಪೊರೆಯ ಒಳಮಗ್ಗುಲಿನ ಫಾಸ್ಫಟೈಡಿಲ್‌ಸೆರಿನ್ ಎಂಬ ಕೊಬ್ಬು ಹೊರಕ್ಕೆ ಬರುತ್ತದೆ, ಹೊಳೆಯುವ ಬಣ್ಣ ಕಟ್ಟಿದ ಅನೆಕ್ಸಿನ್-5 ಪ್ರೋಟೀನ್ ಅದಕ್ಕೆ ಅಂಟುತ್ತದೆ. ಪ್ರೊಪಿಡಿಯಂ ಅಯೋಡೈಡ್ ಬಣ್ಣ ಪೊರೆ ಹರಿದ ಕೋಶದೊಳಕ್ಕೆ ಮಾತ್ರ ಹೋಗುತ್ತದೆ. ಸೆಂಟ್ರಿಫ್ಯೂಜಿನಲ್ಲಿ 300 ಜಿ ಬಲದಲ್ಲಿ 5 ನಿಮಿಷದಂತೆ ಎರಡು ಸಲ ತಣ್ಣನೆ ಬಫರಿನಲ್ಲಿ ತೊಳೆದು, 1 ಲಕ್ಷ ಕೋಶಕ್ಕೆ ಅನೆಕ್ಸಿನ್, ಪ್ರೊಪಿಡಿಯಂ ಅಯೋಡೈಡ್ ತಲಾ 5 ಮೈಕ್ರೊಲೀಟರ್ ಹಾಕಿ 15 ನಿಮಿಷ ಕತ್ತಲಲ್ಲಿಡಿ. ಗಂಟೆಯೊಳಗೆ, ಒಂದೊಂದೇ ಕೋಶದ ಹೊಳಪು ಅಳೆಯುವ ಫ್ಲೋ ಸೈಟೋಮೀಟರಿಗೆ ಕೊಡಿ. ಅನೆಕ್ಸಿನ್ ಮಾತ್ರ ಹೊಳೆದರೆ ಸಾವಿನ ಆರಂಭ. ಎರಡೂ ಹೊಳೆದರೆ ಕೊನೆಯ ಹಂತ, ಇಲ್ಲವೇ ಬೇರೆ ರೀತಿಯ ಸಾವು. ಬಫರಿನಲ್ಲಿ ಕ್ಯಾಲ್ಸಿಯಂ ಇರಲೇಬೇಕು. ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎ ಸೇರಿದ್ದರೆ ಅನೆಕ್ಸಿನ್ ಅಂಟುವುದೇ ಇಲ್ಲ.

ಆರೋಗ್ಯವಂತರ ರಕ್ತಕೋಶಗಳ ಜೊತೆ ಹೋಲಿಸುವವರು ಒಂದು ವಿಷಯ ಮರೆಯಬಾರದು. ರಕ್ತದಲ್ಲಿನ ಲಿಂಫೋಸೈಟುಗಳು (ಒಂದು ಬಗೆಯ ಬಿಳಿ ರಕ್ತಕೋಶ) ಬಹುಪಾಲು ವಿಭಜನೆಯಾಗದೆ ಸುಮ್ಮನಿರುತ್ತವೆ, ಕ್ಯಾಂಪ್ಟೊಥೆಸಿನ್ ಅವಕ್ಕೆ ಅಷ್ಟಾಗಿ ತಾಗುವುದಿಲ್ಲ. ಅಷ್ಟಕ್ಕೇ “ಆರೋಗ್ಯವಂತ ಕೋಶಕ್ಕೆ ಅಪಾಯವಿಲ್ಲ” ಎಂದು ಬರೆಯುವಂತಿಲ್ಲ. ಪಿಎಚ್‌ಎ ಎಂಬ ಹುರುಳಿಕಾಯಿ (ಬೀನ್ಸ್) ಪ್ರೋಟೀನ್ ಹಾಕಿ ಅವುಗಳನ್ನು ವಿಭಜನೆಗೆ ಎಬ್ಬಿಸಿ, ಆಮೇಲೆ ಅದೇ ಪ್ರಮಾಣದ ಔಷಧ ಕೊಟ್ಟು ಎಣಿಸಿ.