ಅಧ್ಯಾಪಕ ಹುದ್ದೆ: ಅರ್ಜಿಯಿಂದ ಸಹಿಯವರೆಗೆ

ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆಯನ್ನು ಅರಸುವವರು ಅರ್ಜಿ ಹಾಕುವುದನ್ನು ಒಂದು ಕೆಲಸವೆಂದೂ, ಸಂಬಳ ಸವಲತ್ತುಗಳ ಮಾತುಕತೆಯನ್ನು ಬೇರೆಯದೇ ಕೆಲಸವೆಂದೂ ಎಣಿಸುವುದುಂಟು. ಆದರೆ ಮಾತುಕತೆಗೆ ಕುಳಿತಾಗ ಏನನ್ನು ಕೇಳಲು ಸಾಧ್ಯ ಎಂಬುದು, ತಿಂಗಳುಗಳ ಹಿಂದೆ ಅರ್ಜಿಯ ಭಾಗವಾಗಿ ಬರೆದ ಸಂಶೋಧನಾ ಯೋಜನೆಯಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಆದ್ದರಿಂದ ಆ ಯೋಜನೆಯನ್ನು ಬರೆಯುವಾಗಲೇ ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು, ಅಲ್ಲಿ ಹೇಳಿದ ಪ್ರತಿಯೊಂದು ಕೆಲಸಕ್ಕೂ ಬೇಕಾಗುವ ಉಪಕರಣ, ಸಹಾಯಕರು, ಪ್ರಯಾಣದ ಖರ್ಚು ಮತ್ತು ಸಮಯವನ್ನು ಗುರುತು ಹಾಕಿಕೊಳ್ಳಬೇಕು. ಆ ಹಾಳೆಯ ಉಪಯೋಗ ಕೊನೆಯಲ್ಲಿ ತಿಳಿಯುತ್ತದೆ.

ಕಾಲದ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಹೆಚ್ಚಿನ ಜಾಹೀರಾತುಗಳು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಬರುತ್ತವೆ. ಸಂದರ್ಶನಗಳು ಚಳಿಗಾಲದಲ್ಲಿ ನಡೆದು, ಕೆಲಸ ಮುಂದಿನ ಶೈಕ್ಷಣಿಕ ವರ್ಷದಲ್ಲಿ ಶುರುವಾಗುತ್ತದೆ. ಬ್ರಿಟನ್ನಿನಲ್ಲಿ ವರ್ಷವಿಡೀ ಹುದ್ದೆಗಳು ಪ್ರಕಟವಾಗುತ್ತಿರುತ್ತವೆ. ಗಣಿತದವರಿಗೆ ಮ್ಯಾಥ್‌ಜಾಬ್ಸ್ ಜಾಲತಾಣ, ಅರ್ಥಶಾಸ್ತ್ರದವರಿಗೆ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ನಿನ ಉದ್ಯೋಗ ಪಟ್ಟಿ, ಹೀಗೆ ಕೆಲವು ವಿಷಯಗಳಿಗೆ ಹುದ್ದೆಗಳು ಪ್ರಕಟವಾಗುವ ತಮ್ಮದೇ ಜಾಗಗಳಿವೆ. ಶಿಫಾರಸು ಪತ್ರ ಬರೆಯುವವರಿಗೆ ಕನಿಷ್ಠ ಒಂದು ತಿಂಗಳು ಮೊದಲೇ ಹೇಳಿ, ಹುದ್ದೆಗಳ ಪಟ್ಟಿ, ಕೊನೆಯ ದಿನಾಂಕಗಳು ಮತ್ತು ನಿಮ್ಮ ಯೋಜನೆಯ ಪ್ರತಿಯನ್ನು ಒಟ್ಟಿಗೆ ಕಳಿಸುವುದು ಸೌಜನ್ಯವೂ ಹೌದು, ಜಾಣತನವೂ ಹೌದು.

ಅರ್ಜಿಯ ಕಾಗದಗಳಲ್ಲಿ ಸಂಶೋಧನಾ ಯೋಜನೆಗೇ ಹೆಚ್ಚು ದಿನಗಳನ್ನು ಕೊಡಿ. ಅದನ್ನು ಓದುವ ಆಯ್ಕೆ ಸಮಿತಿಯಲ್ಲಿ ನಿಮ್ಮ ಕಿರುಕ್ಷೇತ್ರ ಬಲ್ಲವರು ಒಬ್ಬರೋ ಇಬ್ಬರೋ ಇರಬಹುದು, ಉಳಿದವರು ಪಕ್ಕದ ಕ್ಷೇತ್ರಗಳವರು, ಮತ್ತು ಅವರೆಲ್ಲರ ಮುಂದೆಯೂ ನೂರಾರು ಅರ್ಜಿಗಳಿರಬಹುದು. ಹಾಗಾಗಿ ಮೊದಲ ಪುಟದಲ್ಲಿ ನಿಮ್ಮ ಪ್ರಶ್ನೆ ಯಾವುದು, ಅದಕ್ಕೆ ಈವರೆಗೆ ಕಂಡುಕೊಂಡ ಉತ್ತರವೇನು, ಮುಂದಿನ ಐದು ವರ್ಷಗಳಲ್ಲಿ ಏನು ಮಾಡುವಿರಿ ಎಂಬುದು ಹೊರಗಿನವರಿಗೂ ಅರ್ಥವಾಗಬೇಕು. ಮಾರ್ಗದರ್ಶಕರ ಕೆಲಸದ ಮುಂದುವರಿಕೆಯಂತೆ ಕಾಣುವ ಯೋಜನೆ ಎಷ್ಟು ಚೆನ್ನಾಗಿದ್ದರೂ ಸಮಿತಿಗೆ ಅನುಮಾನ ಹುಟ್ಟಿಸುತ್ತದೆ. ಬೋಧನೆಯನ್ನೇ ಮುಖ್ಯವಾಗಿಟ್ಟುಕೊಂಡ ಕಾಲೇಜಿಗಾದರೆ ಅರ್ಜಿಯ ಮೇಲಿಡುವ ಪರಿಚಯ ಪತ್ರದ ಕ್ರಮವನ್ನೇ ಬದಲಿಸಿ, ಯಾವ ಪಾಠಗಳನ್ನು ಹೇಗೆ ಕಲಿಸುವಿರಿ ಎಂಬುದನ್ನು ಮೊದಲು ಹೇಳಬೇಕು.

ಸಂದರ್ಶನ ಒಂದೆರಡು ದಿನಗಳ ಭೇಟಿಯಾಗಿದ್ದರೆ, ಊಟದ ಮೇಜಿನ ಹರಟೆಯೂ ಸಂದರ್ಶನವೇ. ಜೀವವಿಜ್ಞಾನದಂಥ ವಿಭಾಗಗಳಲ್ಲಿ ಸ್ಲೈಡುಗಳಿಲ್ಲದೆ ಬರಿಯ ಬೋರ್ಡಿನ ಮುಂದೆ ನಿಂತು ಮುಂದಿನ ಯೋಜನೆಯನ್ನು ವಿವರಿಸುವ ಚಾಕ್ ಟಾಕ್ ಇರುತ್ತದೆ; ಮೊದಲ ಅನುದಾನದ ಅರ್ಜಿ ಯಾರಿಗೆ, ಯಾವ ಪ್ರಶ್ನೆಯ ಮೇಲೆ ಎಂದು ಅಲ್ಲಿ ನೇರವಾಗಿ ಕೇಳುತ್ತಾರೆ. ಸಂಬಳದ ಮಾತನ್ನು ಈ ಹಂತದಲ್ಲಿ ನೀವಾಗಿ ಎತ್ತಬೇಡಿ. ಆದರೆ ಪ್ರಯೋಗಾಲಯದ ಜಾಗ, ಹಂಚಿಕೊಂಡು ಬಳಸುವ ಉಪಕರಣಗಳು, ಪಾಠದ ಹೊರೆ, ವಿದ್ಯಾರ್ಥಿಗಳಿಗೆ ಯಾರು ಹಣ ಕೊಡುತ್ತಾರೆ ಎಂಬುದನ್ನು ಧಾರಾಳವಾಗಿ ಕೇಳಿ, ಉತ್ತರಗಳನ್ನು ಅದೇ ಹಾಳೆಯಲ್ಲಿ ಬರೆದುಕೊಳ್ಳಿ.

ಆಯ್ಕೆಯಾದ ಸುದ್ದಿ ಸಾಮಾನ್ಯವಾಗಿ ಫೋನಿನಲ್ಲಿ ಬರುತ್ತದೆ. ಸಂತೋಷವನ್ನು ಮುಚ್ಚಿಡುವ ಅಗತ್ಯವಿಲ್ಲ, ಆದರೆ ಒಪ್ಪಿಗೆಯನ್ನು ಆ ಕರೆಯಲ್ಲೇ ಕೊಡಬಾರದು; ವಿವರಗಳನ್ನು ಬರಹದಲ್ಲಿ ಕಳಿಸಿಕೊಡಿ, ಓದಿ ಮಾತನಾಡುತ್ತೇನೆ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹುದ್ದೆಯ ಲಿಖಿತ ಆಹ್ವಾನ ಬಂದಮೇಲೆ ನಿರ್ಧಾರಕ್ಕೆ ಕನಿಷ್ಠ ಎರಡು ವಾರ ಸಿಗಬೇಕೆಂಬುದು ಅಮೆರಿಕದ ಪ್ರಾಧ್ಯಾಪಕರ ಸಂಘವಾದ ಎಎಯುಪಿ 1993ರಲ್ಲಿ ಹೊರತಂದ ನೇಮಕಾತಿ ನೀತಿಯ ಹೇಳಿಕೆಯಲ್ಲಿದೆ. ಅದು ಕಾನೂನಲ್ಲ, ಆದರೂ ಮೂರೇ ದಿನ ಕೊಟ್ಟವರಲ್ಲಿ ವಿನಯದಿಂದ ಗಡುವು ವಿಸ್ತರಿಸಲು ಕೇಳುವುದಕ್ಕೆ ಸಾಕಷ್ಟು ಆಧಾರ.

ಈಗ ಆ ಹಾಳೆಯನ್ನು ಹೊರತೆಗೆಯಬೇಕು. ನಿಮ್ಮೊಡನೆ ಮಾತನಾಡುವವರು ಬಹಳ ಸಲ ವಿಭಾಗದ ಮುಖ್ಯಸ್ಥರು, ಹಣದ ಗಂಟು ಇರುವುದು ಹಲವು ವಿಭಾಗಗಳ ಮೇಲಿರುವ ಡೀನ್ ಕೈಯಲ್ಲಿ. ಮುಖ್ಯಸ್ಥರಿಗೆ ನೀವು ಬೇಕಾಗಿದ್ದೀರಿ, ಆದ್ದರಿಂದ ಡೀನ್ ಮುಂದೆ ಅವರು ವಾದಿಸಲು ಬೇಕಾದ ಕಾರಣಗಳನ್ನು ಒದಗಿಸುವುದು ನಿಮ್ಮ ಕೆಲಸ. 'ಇನ್ನಷ್ಟು ಹಣ ಬೇಕು' ಎಂದರೆ ಅವರ ಕೈ ಬರಿದಾಗಿಯೇ ಇರುತ್ತದೆ. 'ಸಂದರ್ಶನದಲ್ಲಿ ಹೇಳಿದ ಎರಡನೆಯ ಪ್ರಯೋಗಕ್ಕೆ ಈ ಸೂಕ್ಷ್ಮದರ್ಶಕ ಬೇಕು, ಅದರ ದರಪಟ್ಟಿ ಇಲ್ಲಿದೆ' ಎಂದರೆ ಅವರಿಗೆ ವಾದವೊಂದು ಸಿಗುತ್ತದೆ. ಕೇಳಬೇಕಾದುದನ್ನೆಲ್ಲ ಆದ್ಯತೆಯ ಕ್ರಮದಲ್ಲಿ ಒಂದೇ ಪತ್ರದಲ್ಲಿ ಕೇಳಿ. ದಿನಕ್ಕೊಂದು ಬೇಡಿಕೆ ಕಳಿಸುವವರ ಬಗ್ಗೆ ಸಹನೆ ಬೇಗ ತೀರುತ್ತದೆ.

ಮೂಲ ಸಂಬಳವನ್ನು ಸಂಕೋಚದಿಂದ ಬಿಟ್ಟುಬಿಡಬೇಡಿ, ಏಕೆಂದರೆ ಮುಂದಿನ ಏರಿಕೆಗಳು ಸಾಮಾನ್ಯವಾಗಿ ಅದರ ಶೇಕಡಾವಾರು ಲೆಕ್ಕದಲ್ಲೇ ಬರುತ್ತವೆ. ಅಮೆರಿಕದ ಅನೇಕ ಸಾರ್ವಜನಿಕ ವಿಶ್ವವಿದ್ಯಾಲಯಗಳ ಸಂಬಳಗಳು ಬಹಿರಂಗ ದಾಖಲೆಗಳಾದ್ದರಿಂದ ಹೋಲಿಕೆ ಕಷ್ಟವಲ್ಲ. ಅಲ್ಲಿನ ಸಂಬಳ ಹಲವು ಕಡೆ ಒಂಬತ್ತು ತಿಂಗಳಿನದು ಎಂಬುದನ್ನು ಮರೆಯದೆ, ಮೊದಲ ಬೇಸಿಗೆಗಳ ಸಂಬಳವನ್ನೂ ಕೇಳಬಹುದು. ಬ್ರಿಟನ್ನಿನಂತೆ ಶ್ರೇಣಿ ನಿಗದಿಯಾದಲ್ಲಿ ಮೊತ್ತದ ಬದಲು ಶ್ರೇಣಿಯ ಯಾವ ಮೆಟ್ಟಿಲಲ್ಲಿ ನಿಲ್ಲಿಸುತ್ತಾರೆ ಎಂಬುದರ ಮೇಲೆ ಮಾತು ನಡೆಯುತ್ತದೆ. ಸಂಬಳ ಅಲುಗದಿದ್ದರೂ ಮೊದಲ ವರ್ಷ ಒಂದು ಪಾಠದ ವಿನಾಯಿತಿ, ಪ್ರಯೋಗಾಲಯ ಸಿದ್ಧವಾಗುವ ದಿನಾಂಕ, ಸಂಶೋಧನೆ ಶುರುಮಾಡಲು ಸಂಸ್ಥೆ ಕೊಡುವ ಆರಂಭಿಕ ನಿಧಿಯನ್ನು ಖರ್ಚು ಮಾಡುವ ಅವಧಿ, ವೀಸಾ ವೆಚ್ಚ, ಸಂಗಾತಿಯ ಉದ್ಯೋಗಕ್ಕೆ ನೆರವು ಇವು ಅಲುಗುವುದುಂಟು. ನನ್ನ ಮಟ್ಟಿಗೆ ಸಮಯವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಹಣವನ್ನು ಆಮೇಲೂ ಅನುದಾನದಿಂದ ತರಬಹುದು.

ಇಲ್ಲದ ಇನ್ನೊಂದು ಆಹ್ವಾನವನ್ನು ಇದೆಯೆಂದು ಹೇಳಬೇಡಿ. ವಿದ್ವತ್ ಲೋಕ ಚಿಕ್ಕದು. ಆಹ್ವಾನವನ್ನು ಹಿಂತೆಗೆದುಕೊಳ್ಳುವುದು ಅಪರೂಪ, ಆದರೆ ಬೋಧನೆಗೇ ಮೀಸಲಾದ ಪುಟ್ಟ ಕಾಲೇಜಿನಲ್ಲಿ ಪಾಠದಿಂದ ಬಿಡುಗಡೆ ಕೇಳಿದರೆ, ನಿಮಗೆ ಅಲ್ಲಿನ ಕೆಲಸವೇ ಬೇಡವೆಂದು ಅವರು ತಿಳಿಯಬಹುದು.

ಒಪ್ಪಿದ ಪ್ರತಿಯೊಂದು ಅಂಶವೂ ಅಂತಿಮ ಪತ್ರದಲ್ಲಿ ಮೊತ್ತ ಮತ್ತು ದಿನಾಂಕದ ಸಮೇತ ಇರುವುದನ್ನು ನೋಡಿಕೊಂಡು ಸಹಿ ಹಾಕಿ. ಮಾತು ಕೊಟ್ಟ ಮುಖ್ಯಸ್ಥರು ಮರುವರ್ಷ ಆ ಕುರ್ಚಿಯಲ್ಲಿ ಇಲ್ಲದಿರಬಹುದು. ಸಹಿಯಾದ ದಿನವೇ ಉಳಿದ ಕಡೆಯ ಅರ್ಜಿಗಳನ್ನು ಹಿಂತೆಗೆದುಕೊಂಡು, ಶಿಫಾರಸು ಬರೆದವರಿಗೆ ಸುದ್ದಿ ತಿಳಿಸಿ.